ಮೊಬೈಲ್ ಗೇಟ್‌ವೇನಲ್ಲಿ ಐಪಿ ಫ್ರ್ಯಾಗ್ಮೆಂಟೇಶನ್ ಹೊಂದಿಸುವುದು: ಮೊದಲು ಬೈಟ್ ಎಣಿಸಿ, ಆಮೇಲೆ ಕಾನ್ಫಿಗ್ ಮುಟ್ಟಿ

ಸಿಗ್ನಲ್ ಚೆನ್ನಾಗಿದೆ. ಪಿಂಗ್ ಹೋಗುತ್ತದೆ, ಡಿಎನ್‌ಎಸ್ ಉತ್ತರ ಬರುತ್ತದೆ. ಆದರೆ ಕೆಲವು ವೆಬ್‌ಸೈಟ್ ಮಾತ್ರ ತೆರೆಯುವುದೇ ಇಲ್ಲ, ಸುಮ್ನೆ ಸುತ್ತುತ್ತಾ ಕೂರುತ್ತವೆ. ಎಸ್‌ಎಸ್‌ಎಚ್ ಲಾಗಿನ್ ಆಗುತ್ತದೆ, ದೊಡ್ಡ ಫೈಲ್ ಪಟ್ಟಿ ಕೇಳಿದ ಕೂಡಲೇ ನಿಂತುಹೋಗುತ್ತದೆ. ಇಂಥ ದೂರು ಬಂದರೆ ರೇಡಿಯೋದವರ ಕಡೆ ಬೆರಳು ತೋರಿಸುವ ಮೊದಲು ಗೇಟ್‌ವೇನಲ್ಲಿ (ಮೊಬೈಲ್ ನೆಟ್‌ವರ್ಕ್ ಮತ್ತು ಇಂಟರ್ನೆಟ್ ಸೇರುವ ಪೆಟ್ಟಿಗೆ) ಪ್ಯಾಕೆಟ್ ಸೈಜ್ ನೋಡಬೇಕು. ಚಿಕ್ಕ ಪ್ಯಾಕೆಟ್ ದಾಟುತ್ತಿದೆ, ದೊಡ್ಡದು ದಾಟುತ್ತಿಲ್ಲ ಎಂದರೆ ಬಹುಪಾಲು ಕಥೆ ಇದೇ: ದಾರಿ ಹಿಡಿಸುವ ಗರಿಷ್ಠ ಅಳತೆಗಿಂತ (ಎಂಟಿಯು) ಪ್ಯಾಕೆಟ್ ದೊಡ್ಡದಾಗಿದೆ, ಅದನ್ನು ತುಂಡು ಮಾಡುವ ಕೆಲಸ (ಫ್ರ್ಯಾಗ್ಮೆಂಟೇಶನ್) ಸರಿಯಾಗಿ ಆಗುತ್ತಿಲ್ಲ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಲಿನಕ್ಸ್ ಮೇಲೆ ಓಡುವ ಓಪನ್5ಜಿಎಸ್ ಎಂಬ ಮೊಬೈಲ್ ಕೋರ್ ಸಾಫ್ಟ್‌ವೇರ್. ಉಚಿತವಾಗಿ ಸಿಗುತ್ತದೆ, ಒಂದು ಹಳೇ ಕಂಪ್ಯೂಟರ್‌ನಲ್ಲೇ ಲ್ಯಾಬ್ ಕಟ್ಟಬಹುದು. ದೊಡ್ಡ ಕಂಪನಿಗಳ ಪಿಜಿಡಬ್ಲ್ಯು (4ಜಿ ಗೇಟ್‌ವೇ) ಅಥವಾ ಯುಪಿಎಫ್ (5ಜಿ ಗೇಟ್‌ವೇ) ಪೆಟ್ಟಿಗೆಗಳಲ್ಲಿ ಕಮಾಂಡ್ ಹೆಸರು ಬೇರೆ ಇರುತ್ತದೆ, ತಿರುಗಿಸಬೇಕಾದ ಗುಂಡಿಗಳು ಮಾತ್ರ ಇವೇ.

ಹಂತ 1: ಬೈಟ್ ಲೆಕ್ಕ

ಇಂಟರ್ನೆಟ್‌ನಿಂದ ಫೋನಿಗೆ ಬರುವ ದೊಡ್ಡ ಪ್ಯಾಕೆಟ್ ಸಾಮಾನ್ಯವಾಗಿ 1500 ಬೈಟ್. ಗೇಟ್‌ವೇ ಅದನ್ನು ಹಾಗೇ ಮುಂದೆ ಕಳಿಸುವುದಿಲ್ಲ. ಅದರ ಮುಂದೆ ಜಿಟಿಪಿ-ಯು (ಫೋನಿನ ಡೇಟಾವನ್ನು ಟನಲ್‌ನಲ್ಲಿ ಸಾಗಿಸುವ ಪ್ರೋಟೋಕಾಲ್) ಹೆಡರ್, ಯುಡಿಪಿ ಹೆಡರ್, ಇನ್ನೊಂದು ಐಪಿ ಹೆಡರ್ ಅಂಟಿಸಿ ಟನಲ್‌ಗೆ ನೂಕುತ್ತದೆ. 4ಜಿಯಲ್ಲಿ ಹೊರಗಿನ ಐಪಿವಿ4 ಹೆಡರ್‌ಗೆ 20 ಬೈಟ್, ಯುಡಿಪಿಗೆ 8, ಜಿಟಿಪಿ-ಯುಗೆ 8. ಒಟ್ಟು 36. 5ಜಿಯಲ್ಲಿ ಕ್ಯೂಒಎಸ್ ಫ್ಲೋ (ಟ್ರಾಫಿಕ್‌ನ ಆದ್ಯತೆಯ ವರ್ಗ) ಗುರುತು ಹೊರಲು ಪಿಡಿಯು ಸೆಷನ್ ಕಂಟೇನರ್ ಎಂಬ ಬಾಲ ಸೇರುತ್ತದೆ. ಆಗ ಜಿಟಿಪಿ ಭಾಗ ಸಾಮಾನ್ಯವಾಗಿ 16 ಬೈಟ್, ಒಟ್ಟು 44. ಹೊರಗಿನ ಐಪಿ ವರ್ಶನ್ 6 ಆಗಿದ್ದರೆ ಎರಡಕ್ಕೂ ಇನ್ನೊಂದು 20 ಸೇರಿಸಿ: 56 ಮತ್ತು 64. 4ಜಿ ದಾರಿಯ ಎರಡು ಭಾಗಗಳಾದ ಎಸ್1-ಯು ಮತ್ತು ಎಸ್5 ಟನಲ್‌ಗಳು ಒಂದರ ಮೇಲೊಂದು ಕೂರುವುದಿಲ್ಲ, ಹಾಗಾಗಿ ಎರಡು ಸಲ ಕೂಡಿಸಬೇಡಿ.

ಇಷ್ಟೇ ಆಗಿದ್ದರೆ ಸುಲಭವಿತ್ತು. ಬೇಸ್ ಸ್ಟೇಷನ್‌ಗೆ ಹೋಗುವ ದಾರಿಯಲ್ಲಿ (ಬ್ಯಾಕ್‌ಹಾಲ್) ಐಪಿಸೆಕ್ ಎಂಬ ಗೂಢಲಿಪಿ ಟನಲ್ ಇದ್ದರೆ ಲೆಕ್ಕ ಬಿಗಿಯಾಗುತ್ತದೆ. ಗೂಢಲಿಪಿಗೆ ಎಇಎಸ್-ಸಿಬಿಸಿ, ದೃಢೀಕರಣಕ್ಕೆ ಎಸ್‌ಎಚ್‌ಎ-256, ಟನಲ್ ಮೋಡ್ ಎಂದುಕೊಳ್ಳಿ. ಹೊಸ ಐಪಿ ಹೆಡರ್ 20, ಐಪಿಸೆಕ್‌ನ ಇಎಸ್‌ಪಿ ಹೆಡರ್ 8, ಐವಿ (ಗೂಢಲಿಪಿಯ ಆರಂಭಿಕ ಬೆಲೆ) 16, ಕೊನೆಯ ಐಸಿವಿ (ದೃಢೀಕರಣದ ಮುದ್ರೆ) 16. ಇವು ಖಾಯಂ 60. ಇದರ ಮೇಲೆ ಎರಡು ಬೈಟ್ ಟ್ರೇಲರ್, ಮತ್ತು 16ರ ಗುಣಕಕ್ಕೆ ತುಂಬಿಸಲು ಪ್ಯಾಡಿಂಗ್.

ಈಗ ಬಹಳ ಜನ ಕಣ್ಣುಮುಚ್ಚಿ ಹಾಕುವ 1400ನ್ನು ಇದರಲ್ಲಿ ಓಡಿಸಿ ನೋಡೋಣ. ಫೋನಿನ ಎಂಟಿಯು 1400, ಬ್ಯಾಕ್‌ಹಾಲ್ 1500.

4ಜಿ: 1400ಕ್ಕೆ 36 ಸೇರಿಸಿದರೆ 1436. ಟ್ರೇಲರ್ ಸೇರಿ 1438, ಪ್ಯಾಡಿಂಗ್ ಆಗಿ 1440. ಅದಕ್ಕೆ 60 ಸೇರಿದರೆ ಸರಿಯಾಗಿ 1500. ಕೂದಲೆಳೆಯಲ್ಲಿ ಪಾಸ್.

5ಜಿ: 1400ಕ್ಕೆ 44 ಸೇರಿಸಿದರೆ 1444. ಟ್ರೇಲರ್ ಸೇರಿ 1446, ಪ್ಯಾಡಿಂಗ್ ಆಗಿ 1456. ಅದಕ್ಕೆ 60 ಸೇರಿದರೆ 1516. ಹೋಯ್ತು.

ಎಂಟು ಬೈಟ್ ಜಾಸ್ತಿಯಾಗಿದ್ದಕ್ಕೆ ಹದಿನಾರು ಬೈಟ್ ಹೊರಗೆ ಬಿದ್ದಿದೆ, ಪ್ಯಾಡಿಂಗ್‌ನ ಕೃಪೆ. ವರ್ಷಗಟ್ಟಲೆ ತಕರಾರಿಲ್ಲದೆ ಓಡಿದ 4ಜಿ ಸೆಟ್ಟಿಂಗ್ ಅನ್ನು ಹಾಗೇ 5ಜಿಗೆ ನಕಲು ಮಾಡಿದಾಗ ಕೈಕೊಡುವುದು ಹೀಗೆ. ಮಧ್ಯೆ ಎಲ್ಲೋ ನ್ಯಾಟ್ (ಐಪಿ ವಿಳಾಸ ಬದಲಿಸುವ ವ್ಯವಸ್ಥೆ) ಇದ್ದು ಐಪಿಸೆಕ್ ಯುಡಿಪಿ ಒಳಗೆ ಹೋಗುತ್ತಿದ್ದರೆ ಇನ್ನೂ 8 ಸೇರಿಸಿ. ಆಗ 4ಜಿಯೂ ಫೇಲ್.

3ಜಿಪಿಪಿ (ಮೊಬೈಲ್ ಮಾನದಂಡ ಬರೆಯುವ ಸಂಸ್ಥೆ) ದಾಖಲೆಗಳಲ್ಲಿ 1358 ಎಂಬ ವಿಚಿತ್ರ ಸಂಖ್ಯೆ ಕಾಣಿಸುವುದು ಇದಕ್ಕೇ. 1500ರ ಬ್ಯಾಕ್‌ಹಾಲ್, ಐಪಿವಿ6, ಐಪಿಸೆಕ್ ಎಲ್ಲವನ್ನೂ ಗಮನದಲ್ಲಿಟ್ಟು ಕೊಟ್ಟ ಸಂಖ್ಯೆ ಅದು. ಮೇಲಿನ 5ಜಿ ಲೆಕ್ಕಕ್ಕೆ ಹಾಕಿ ನೋಡಿ: 1402, 1408, ಕೊನೆಗೆ 1468. ಆರಾಮಾಗಿ ಹಿಡಿಯುತ್ತದೆ. ದಾರಿ ನಿಮ್ಮ ಕೈಯಲ್ಲಿಲ್ಲದಿದ್ದರೆ 1358 ಹಾಕಿ ನೆಮ್ಮದಿಯಾಗಿರಿ. ದಾರಿ ನಿಮ್ಮದೇ ಆಗಿದ್ದರೆ ಮುಂದಿನ ಹಂತ ಇನ್ನೂ ಒಳ್ಳೆಯದು.

ಹಂತ 2: ಬ್ಯಾಕ್‌ಹಾಲ್ ದೊಡ್ಡದು ಮಾಡಿ

ಎಲ್ಲಕ್ಕಿಂತ ಒಳ್ಳೆಯ ಪರಿಹಾರ ಇದು. ಗೇಟ್‌ವೇಯಿಂದ ಬೇಸ್ ಸ್ಟೇಷನ್‌ವರೆಗೆ ಪ್ರತಿ ಸ್ವಿಚ್, ಪ್ರತಿ ರೂಟರ್, ಪ್ರತಿ ಮೈಕ್ರೋವೇವ್ ಲಿಂಕ್‌ನಲ್ಲಿ ಎಂಟಿಯು 1700ಕ್ಕೋ ಅಥವಾ ಸಾಧ್ಯವಿದ್ದರೆ 9000ಕ್ಕೋ ಏರಿಸಿ. ಆಗ 1500ರ ಪ್ಯಾಕೆಟ್ ಪೂರ್ತಿ ಹೊದಿಕೆ ಸಮೇತ ಹಾಯಾಗಿ ಹೋಗುತ್ತದೆ, ತುಂಡು ಮಾಡುವ ಪ್ರಶ್ನೆಯೇ ಇಲ್ಲ. ರೇಡಿಯೋ ಇಲ್ಲಿ ಅಡ್ಡಿಯಲ್ಲ. ಎಲ್‌ಟಿಇಯಲ್ಲಿ ಪಿಡಿಸಿಪಿ (ರೇಡಿಯೋ ಕಡೆಯ ಪ್ರೋಟೋಕಾಲ್ ಪದರ) 8188 ಬೈಟ್‌ವರೆಗೆ ಒಂದೇ ಪ್ಯಾಕೆಟ್ ತೆಗೆದುಕೊಳ್ಳುತ್ತದೆ, 5ಜಿಯಲ್ಲಿ 9000. ಇಕ್ಕಟ್ಟು ಇರುವುದು ತಂತಿಯಲ್ಲಿ.

ಒಂದು ಎಚ್ಚರಿಕೆ. ಎಂಟಿಯು ಎಂದರೆ ಎಲ್ಲ ಪೆಟ್ಟಿಗೆಯಲ್ಲೂ ಒಂದೇ ಅರ್ಥವಲ್ಲ. ಜುನಿಪರ್‌ನಲ್ಲಿ ಫಿಸಿಕಲ್ ಇಂಟರ್‌ಫೇಸ್ ಎಂಟಿಯು ಈಥರ್ನೆಟ್ ಹೆಡರ್‌ನ 14 ಬೈಟನ್ನೂ ಸೇರಿಸಿ ಎಣಿಸುತ್ತದೆ. ಲಿನಕ್ಸ್ ಅದನ್ನು ಎಣಿಸುವುದಿಲ್ಲ. ಒಂದು ತುದಿಯಲ್ಲಿ 1600, ಇನ್ನೊಂದು ತುದಿಯಲ್ಲೂ 1600 ಎಂದು ಬರೆದು ಸರಿಯಾಯ್ತು ಅಂದುಕೊಂಡರೆ ನಿಜದಲ್ಲಿ 14 ಬೈಟ್ ವ್ಯತ್ಯಾಸ ಉಳಿದಿರುತ್ತದೆ. ವಿಲ್ಯಾನ್ ಟ್ಯಾಗ್ ಒಂದಕ್ಕೆ 4, ಎಂಪಿಎಲ್‌ಎಸ್ ಲೇಬಲ್ ಒಂದಕ್ಕೆ 4, ಅದನ್ನೂ ಮರೆಯಬೇಡಿ. ಬಾಡಿಗೆ ಲಿಂಕ್ ಆದರೆ ಕೊಡುವವರಿಂದ ಎಂಟಿಯು ಎಷ್ಟು ಎಂಬುದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಬಾಯಿಮಾತಿನಲ್ಲಿ ಎಲ್ಲರೂ ಜಂಬೋ (9000ದ ಎಂಟಿಯು) ಕೊಡುತ್ತಾರೆ.

ಹಂತ 3: ಫೋನಿಗೆ ಹೇಳಿ

ಬ್ಯಾಕ್‌ಹಾಲ್ ಏರಿಸಲು ಆಗದಿದ್ದರೆ ಫೋನೇ ಚಿಕ್ಕ ಪ್ಯಾಕೆಟ್ ಕಳಿಸಬೇಕು. ಐಪಿವಿ4ಗೆ ಈ ಮಾತು ಸೆಷನ್ ಕಟ್ಟುವಾಗ ಪಿಸಿಒ ಎಂಬ ಚೀಟಿಯಲ್ಲಿ ಹೋಗುತ್ತದೆ. ಫೋನ್ ಎಂಟಿಯು ಎಷ್ಟು ಅಂತ ಕೇಳುತ್ತದೆ, ನೆಟ್‌ವರ್ಕ್ ಉತ್ತರಿಸುತ್ತದೆ. ಐಪಿವಿ6ಗೆ ರೂಟರ್ ಅಡ್ವರ್ಟೈಸ್‌ಮೆಂಟ್‌ನಲ್ಲಿ ಎಂಟಿಯು ಆಪ್ಷನ್ ಇರಬೇಕು. ಎರಡೂ ಕಡೆ ಒಂದೇ ಸಂಖ್ಯೆ ಕೊಡಿ. ಐಪಿವಿ6 ಸಂಖ್ಯೆ 1280ಕ್ಕಿಂತ ಕೆಳಗೆ ಹೋಗುವಂತಿಲ್ಲ.

ಓಪನ್5ಜಿಎಸ್‌ನಲ್ಲಿ ಎಸ್‌ಎಂಎಫ್‌ನ (ಸೆಷನ್ ಕಟ್ಟುವ ಭಾಗ) ಯಾಮಲ್ ಫೈಲ್ ತೆರೆದರೆ ಎಂಟಿಯು ಎಂಬ ಸಾಲು ಕಾಣುತ್ತದೆ. ಮೊದಲಿಗೆ 1400 ಇರುತ್ತದೆ. ನಿಮ್ಮ ಲೆಕ್ಕದ ಸಂಖ್ಯೆ ಹಾಕಿ, ಎಸ್‌ಎಂಎಫ್ ರೀಸ್ಟಾರ್ಟ್ ಮಾಡಿ. ಆಮೇಲೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ತೆಗೆಯಿರಿ. ಪಿಸಿಒ ಹೋಗುವುದು ಸೆಷನ್ ಶುರುವಿನಲ್ಲಿ, ಹಾಗಾಗಿ ಹಳೇ ಸೆಷನ್ ಹಳೇ ಎಂಟಿಯುವಿನಲ್ಲೇ ಓಡುತ್ತಿರುತ್ತದೆ. ಆಂಡ್ರಾಯ್ಡ್ ಫೋನ್ ಆದರೆ ಎಡಿಬಿ ಶೆಲ್‌ನಲ್ಲಿ ಐಪಿ ಲಿಂಕ್ ಎಂದು ಕೊಟ್ಟು, ಮೊಬೈಲ್ ಡೇಟಾ ಇಂಟರ್‌ಫೇಸ್‌ನಲ್ಲಿ (ಬಹಳ ಫೋನ್‌ಗಳಲ್ಲಿ ಹೆಸರು ಆರ್‌ಎಂನೆಟ್ ಎಂದು ಶುರುವಾಗುತ್ತದೆ) ಎಂಟಿಯು ಎಷ್ಟು ಬಂದಿದೆ ನೋಡಿ. ನೀವು ಕೊಟ್ಟಿದ್ದು ಬಂದಿಲ್ಲದಿದ್ದರೆ ಫೋನ್ ಕೇಳಿಲ್ಲ, ಇಲ್ಲವೇ ಫೋನಿನ ಎಪಿಎನ್ ಪಟ್ಟಿಯಲ್ಲೇ ಯಾರೋ ಒಂದು ಸಂಖ್ಯೆ ಬರೆದಿಟ್ಟಿದ್ದಾರೆ.

ಎಲ್ಲ ಸಾಧನವೂ ಕೇಳುತ್ತದೆ ಎಂದು ನಂಬಬೇಡಿ. ಹಳೇ ಡಾಂಗಲ್, ಕಾರ್ಡ್ ಉಜ್ಜುವ ಮೆಷಿನ್, ಕಾರ್ಖಾನೆಯ 4ಜಿ ರೂಟರ್ ಇವುಗಳಲ್ಲಿ ಕೆಲವು ಕೇಳುವುದೇ ಇಲ್ಲ, 1500 ಎಂದುಕೊಂಡು ಕೂತಿರುತ್ತವೆ. ಹಾಟ್‌ಸ್ಪಾಟ್ ಹಿಂದಿನ ಲ್ಯಾಪ್‌ಟಾಪ್‌ಗೂ ಬಹಳ ಸಲ ಈ ವಿಷಯ ಗೊತ್ತಿರುವುದಿಲ್ಲ. ಅದಕ್ಕೇ ಮುಂದಿನ ಹಂತ.

ಹಂತ 4: ಟಿಸಿಪಿಯ ಎಂಎಸ್‌ಎಸ್ ಕತ್ತರಿಸಿ

ಟಿಸಿಪಿ ಸಂಪರ್ಕ ಶುರುವಾಗುವಾಗ ಎರಡೂ ಕಡೆಯವರು ತಮ್ಮ ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ತೆಗೆದುಕೊಳ್ಳುವ ಗರಿಷ್ಠ ಡೇಟಾ) ಹೇಳಿಕೊಳ್ಳುತ್ತಾರೆ. ಗೇಟ್‌ವೇ ಮಧ್ಯೆ ನಿಂತು ಆ ಸಂಖ್ಯೆಯನ್ನು ಇಳಿಸಿಬಿಟ್ಟರೆ ದೊಡ್ಡ ಟಿಸಿಪಿ ಪ್ಯಾಕೆಟ್ ಹುಟ್ಟುವುದೇ ಇಲ್ಲ. ಸಂಖ್ಯೆ ಸರಳ: ಐಪಿವಿ4ಗೆ ಎಂಟಿಯುನಿಂದ 40 ಕಳೆಯಿರಿ, ಐಪಿವಿ6ಗೆ 60. 1400ಕ್ಕೆ 1360 ಮತ್ತು 1340. 1358ಕ್ಕೆ 1318 ಮತ್ತು 1298.

ಲಿನಕ್ಸ್‌ನಲ್ಲಿ ಐಪಿಟೇಬಲ್ಸ್‌ನ ಮ್ಯಾಂಗಲ್ ಟೇಬಲ್, ಫಾರ್ವರ್ಡ್ ಚೈನ್, ಸಿನ್ (ಸಂಪರ್ಕ ಶುರುಮಾಡುವ) ಪ್ಯಾಕೆಟ್‌ಗಳಿಗೆ ಮಾತ್ರ ಅನ್ವಯಿಸುವ ಒಂದು ಟಿಸಿಪಿಎಂಎಸ್‌ಎಸ್ ರೂಲ್ ಸಾಕು. ಐಪಿವಿ6ಗೆ ಐಪಿ6ಟೇಬಲ್ಸ್‌ನಲ್ಲಿ ಪ್ರತ್ಯೇಕವಾಗಿ ಹಾಕಬೇಕು. ಇದನ್ನು ಮರೆಯುವವರು ಬಹಳ. ವಿ4 ಸರಿ ಮಾಡಿ, ವಿ6 ಬಿಟ್ಟು, ಕೆಲವು ಸೈಟ್ ಮಾತ್ರ ತೆರೆಯಲ್ಲ ಎಂಬ ಹೊಸ ದೂರು ತಂದುಕೊಳ್ಳುತ್ತಾರೆ.

ಇದು ಟಿಸಿಪಿಗೆ ಮಾತ್ರ. ಯುಡಿಪಿಗೆ ಈ ಔಷಧ ತಾಗುವುದಿಲ್ಲ. ಯುಡಿಪಿ ಮೇಲೆ ಓಡುವ ಕ್ವಿಕ್ ಪ್ರೋಟೋಕಾಲ್‌ನ ಚಿಂತೆ ಅಷ್ಟಿಲ್ಲ, ಅದು 1200 ಬೈಟ್‌ನ ಯುಡಿಪಿಯಿಂದ ಶುರುಮಾಡಿ, ದಾರಿ ಪರೀಕ್ಷಿಸಿಕೊಂಡು ದೊಡ್ಡದಾಗುತ್ತದೆ. ತಲೆನೋವು ವೋಲ್ಟಿಇ. ಕರೆ ಶುರುಮಾಡುವ ಸಿಪ್ ಇನ್‌ವೈಟ್ ಸಂದೇಶ ಹೆಡರ್‌ಗಳ ಭಾರಕ್ಕೆ ಉಬ್ಬಿಕೊಂಡು 1500 ದಾಟಿಬಿಡಬಹುದು, ವಿಡಿಯೋ ಕರೆಯಲ್ಲಿ ಇನ್ನೂ ಜಾಸ್ತಿ. ದಾರಿಯ ಎಂಟಿಯು ಗೊತ್ತಿಲ್ಲದೆ 1300 ಬೈಟ್ ದಾಟಿದರೆ ಟಿಸಿಪಿಯಂಥ ಸಾರಿಗೆಗೆ ಹೋಗಿ ಎಂದು ಸಿಪ್ ನಿಯಮ ಹೇಳುತ್ತದೆ. ಆದರೂ ಯುಡಿಪಿಯಲ್ಲೇ ಕಳಿಸುವ ಸಾಧನ ಇರುತ್ತವೆ. ಹಾಗಾಗಿ ಐಎಂಎಸ್ ಎಪಿಎನ್‌ನಲ್ಲಿ (ಕರೆಗಳು ಹೋಗುವ ಎಪಿಎನ್) ಫ್ರ್ಯಾಗ್ಮೆಂಟೇಶನ್ ಕೆಲಸ ಮಾಡಲೇಬೇಕು. ಡೇಟಾ ಎಪಿಎನ್ ಪರೀಕ್ಷೆ ಮಾಡಿ ಬಿಟ್ಟುಬಿಡಬೇಡಿ.

ಹಂತ 5: ತುಂಡು ಮಾಡುವ ನಿಯಮ

ಇಷ್ಟೆಲ್ಲ ಆದ ಮೇಲೂ ಅಳತೆ ಮೀರಿದ ಪ್ಯಾಕೆಟ್ ಬರುತ್ತದೆ. ಗೇಟ್‌ವೇ ಎದುರು ಆಗ ಎರಡು ದಾರಿ: ಹೊದಿಕೆ ಹಾಕುವ ಮೊದಲೇ ಒಳಗಿನ ಪ್ಯಾಕೆಟ್ ತುಂಡು ಮಾಡುವುದು, ಇಲ್ಲವೇ ಹೊದಿಕೆ ಹಾಕಿದ ಮೇಲೆ ಹೊರಗಿನದನ್ನು ತುಂಡು ಮಾಡುವುದು.

ಹೊರಗಿನದು ತುಂಡಾದರೆ ಏನಾಗುತ್ತದೆ ನೋಡಿ. 4ಜಿಯಲ್ಲಿ 1536 ಬೈಟ್‌ನ ಪ್ಯಾಕೆಟ್, ದಾರಿ 1500. ಮೊದಲ ತುಂಡಿನಲ್ಲಿ 20 ಬೈಟ್ ಹೆಡರ್, 1480 ಬೈಟ್ ಸರಕು. ಉಳಿದದ್ದು 36 ಬೈಟ್. ಅದಕ್ಕೆ ಮತ್ತೆ 20 ಬೈಟ್ ಹೆಡರ್ ಹಾಕಿ 56 ಬೈಟ್‌ನ ಮರಿ ತುಂಡು ಹೊರಡುತ್ತದೆ, ಆಫ್‌ಸೆಟ್ 185 ಎಂದು ಬರೆದುಕೊಂಡು. ಆಫ್‌ಸೆಟ್ 8 ಬೈಟ್‌ನ ಲೆಕ್ಕದಲ್ಲಿ ಇರುತ್ತದೆ, 185ನ್ನು 8ರಿಂದ ಗುಣಿಸಿದರೆ 1480. ಈ ಮರಿ ತುಂಡಿನಲ್ಲಿ ಯುಡಿಪಿ ಪೋರ್ಟ್ ಇಲ್ಲ, ಟನಲ್ ನಂಬರ್ ಇಲ್ಲ. ಪೋರ್ಟ್ ನೋಡಿ ದಾರಿ ಹಂಚುವ ರೂಟರ್ ಇದನ್ನು ಬೇರೆ ದಾರಿಗೆ ಹಾಕಬಹುದು, ಫೈರ್‌ವಾಲ್ ಬಿಸಾಡಬಹುದು. ಬೇಸ್ ಸ್ಟೇಷನ್ ಎರಡನ್ನೂ ಕೂಡಿಸುವವರೆಗೆ ಬಫರ್‌ನಲ್ಲಿ ಇಟ್ಟುಕೊಂಡು ಕಾಯಬೇಕು. ಪ್ರತಿ ದೊಡ್ಡ ಪ್ಯಾಕೆಟ್‌ಗೂ ಇದೇ ಪಾಡು.

ವೇಗ ಹೆಚ್ಚಾದಂತೆ ಇನ್ನೂ ಕೆಟ್ಟದ್ದೊಂದು ಇದೆ. ತುಂಡುಗಳನ್ನು ಜೋಡಿಸಲು ಬಳಸುವ ಐಪಿವಿ4 ಐಡಿ 16 ಬಿಟ್, ಅಂದರೆ 65,536 ಬೆಲೆಗಳು. 1 ಗಿಗಾಬಿಟ್ ವೇಗದಲ್ಲಿ 1500 ಬೈಟ್‌ನ ಪ್ಯಾಕೆಟ್ ಸೆಕೆಂಡಿಗೆ ಸುಮಾರು 83,000 ಹೋಗುತ್ತವೆ. ಗೇಟ್‌ವೇ ಮತ್ತು ಒಂದು ಬೇಸ್ ಸ್ಟೇಷನ್ ನಡುವೆ ಒಂದು ಸೆಕೆಂಡ್ ಆಗುವುದರೊಳಗೆ ಐಡಿ ಒಂದು ಸುತ್ತು ಮುಗಿಸಿರುತ್ತದೆ. ಲಿನಕ್ಸ್ ತುಂಡುಗಳಿಗಾಗಿ ಕಾಯುವುದು 30 ಸೆಕೆಂಡ್. ಕಳೆದುಹೋದ ತುಂಡಿನ ಜಾಗಕ್ಕೆ ಬೇರೆ ಪ್ಯಾಕೆಟ್‌ನ ತುಂಡು ಬಂದು ಕೂರಬಹುದು. ಹೊರಗಿನ ಯುಡಿಪಿ ಚೆಕ್‌ಸಮ್ ಸೊನ್ನೆ ಹಾಕಿ ಬಿಟ್ಟಿದ್ದರೆ ಅಲ್ಲಿ ಯಾರೂ ಗಮನಿಸುವುದಿಲ್ಲ. ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಹೊರಗಿನ ತುಂಡು ಮಾಡುವಿಕೆ 5ಜಿ ವೇಗಕ್ಕೆ ಹೇಳಿಸಿದ್ದಲ್ಲ. ಆಪತ್ತಿಗೆ ಮಾತ್ರ ಇರಲಿ.

ಒಳಗಿನದನ್ನು ತುಂಡು ಮಾಡಿದರೆ ಪ್ರತಿ ತುಂಡಿಗೂ ಪೂರ್ತಿ ಜಿಟಿಪಿ ಹೊದಿಕೆ ಸಿಗುತ್ತದೆ. ದಾರಿಯಲ್ಲಿ ಎಲ್ಲರಿಗೂ ಅದು ಮಾಮೂಲಿ ಪ್ಯಾಕೆಟ್. ಜೋಡಿಸುವ ಕೆಲಸ ಫೋನಿನದು, ಅದಕ್ಕೆ ಬಿಡುವು ಬೇಕಾದಷ್ಟಿದೆ. ಆದರೆ ಇದು ಐಪಿವಿ4ರಲ್ಲಿ ಡಿಎಫ್ ಬಿಟ್ (ತುಂಡು ಮಾಡಬೇಡಿ ಎಂಬ ಗುರುತು) ಇಲ್ಲದ ಪ್ಯಾಕೆಟ್‌ಗೆ ಮಾತ್ರ ನ್ಯಾಯವಾಗಿ ಸಾಧ್ಯ. ಐಪಿವಿ6ರಲ್ಲಿ ಮಧ್ಯದ ರೂಟರ್ ತುಂಡು ಮಾಡುವಂತೆಯೇ ಇಲ್ಲ.

ಹಾಗಾಗಿ ನಿಯಮ ಹೀಗಿರಲಿ. ಡಿಎಫ್ ಇಲ್ಲದ ವಿ4 ಪ್ಯಾಕೆಟ್: ಒಳಗಿನದನ್ನು ತುಂಡು ಮಾಡಿ. ಡಿಎಫ್ ಇರುವ ವಿ4: ಬಿಸಾಡಿ, ಕಳಿಸಿದವರಿಗೆ ಐಸಿಎಂಪಿ ಟೈಪ್ 3 ಕೋಡ್ 4 (ಪ್ಯಾಕೆಟ್ ದೊಡ್ಡದಾಯ್ತು ಎಂಬ ಸಂದೇಶ) ಕಳಿಸಿ, ಅದರಲ್ಲಿ ಸರಿಯಾದ ಎಂಟಿಯು ಬರೆಯಿರಿ. ವಿ6: ಬಿಸಾಡಿ, ಐಸಿಎಂಪಿವಿ6 ಟೈಪ್ 2 ಕಳಿಸಿ.

ಓಪನ್5ಜಿಎಸ್‌ನಲ್ಲಿ ಈ ಮೂರೂ ಒಂದೇ ಏಟಿಗೆ ಬರುತ್ತವೆ. ಓಜಿಎಸ್‌ಟನ್ ಎಂಬ ಟನ್ (ವರ್ಚುವಲ್) ಇಂಟರ್‌ಫೇಸ್ ಇದೆಯಲ್ಲ, ಐಪಿ ಲಿಂಕ್ ಕಮಾಂಡ್‌ನಿಂದ ಅದರ ಎಂಟಿಯು ಇಳಿಸಿ, ಫೋನಿಗೆ ಹೇಳಿದ ಅದೇ ಸಂಖ್ಯೆ. ಇಂಟರ್ನೆಟ್ ಕಡೆಯಿಂದ ಬಂದ ಪ್ಯಾಕೆಟ್ ಅದರೊಳಗೆ ಹೋಗುವಾಗ ಲಿನಕ್ಸ್ ಕರ್ನಲ್ ತಾನೇ ತುಂಡು ಮಾಡುತ್ತದೆ ಅಥವಾ ಐಸಿಎಂಪಿ ಕಳಿಸುತ್ತದೆ. ಓಜಿಎಸ್‌ಟನ್ 1500ರಲ್ಲೇ ಉಳಿದಿದ್ದರೆ ಪ್ಯಾಕೆಟ್ ಒಳಗೆ ನುಗ್ಗಿ, ಹೊದಿಕೆ ಹಾಕಿಕೊಂಡು, ಹೊರಗಿನ ಇಂಟರ್‌ಫೇಸ್‌ನಲ್ಲಿ ಸದ್ದಿಲ್ಲದೆ ತುಂಡಾಗುತ್ತದೆ. ಎಸ್‌ಎಂಎಫ್ ಫೈಲ್‌ನಲ್ಲಿ ಸಂಖ್ಯೆ ಬದಲಿಸಿ ಇಲ್ಲಿ ಬಿಟ್ಟರೆ ಅರ್ಧ ಕೆಲಸ. ಮೆಷಿನ್ ರೀಬೂಟ್ ಆದರೂ ಸಂಖ್ಯೆ ಉಳಿಯುವಂತೆ ಸಿಸ್ಟಂಡಿ ನೆಟ್‌ವರ್ಕ್ ಫೈಲ್‌ನಲ್ಲೂ ಬರೆದಿಡಿ.

ಡಿಎಫ್ ಕಡೆಗಣಿಸಿ ತುಂಡು ಮಾಡು ಎಂಬ ಆಯ್ಕೆ ಬಹಳ ಪೆಟ್ಟಿಗೆಗಳಲ್ಲಿದೆ. ದೂರು ತಕ್ಷಣ ನಿಲ್ಲುವುದರಿಂದ ಆಸೆ ಹುಟ್ಟಿಸುತ್ತದೆ. ಆದರೆ ಡಿಎಫ್ ಹಾಕಿದ ಪ್ಯಾಕೆಟ್ ತುಂಡಾಗುವುದಿಲ್ಲ ಎಂಬ ನಂಬಿಕೆಯಲ್ಲಿ ಕಳಿಸುವವರು ಐಡಿಯನ್ನು ಸೊನ್ನೆಯಾಗಿಯೇ ಬಿಡಬಹುದು, ನಿಯಮ ಅದಕ್ಕೆ ಒಪ್ಪುತ್ತದೆ. ಎಲ್ಲ ತುಂಡಿಗೂ ಒಂದೇ ಐಡಿ ಇದ್ದರೆ ಫೋನ್ ಯಾವುದನ್ನು ಯಾವುದಕ್ಕೆ ಜೋಡಿಸಬೇಕು? ತಾತ್ಕಾಲಿಕವಾಗಿ ಹಾಕಿ, ಮೂಲ ಸರಿ ಮಾಡಿ, ತೆಗೆಯಿರಿ.

ಹಂತ 6: ಐಸಿಎಂಪಿ ಬದುಕಲಿ

ಗೇಟ್‌ವೇ ಕಳಿಸಿದ ಐಸಿಎಂಪಿ ಸರ್ವರ್‌ಗೆ ತಲುಪದಿದ್ದರೆ ಹಂತ 5 ಪೂರ್ತಿ ವ್ಯರ್ಥ. ಭದ್ರತೆ ಹೆಸರಿನಲ್ಲಿ ಐಸಿಎಂಪಿ ಪೂರ್ತಿ ಮುಚ್ಚುವ ಅಭ್ಯಾಸ ಇನ್ನೂ ಹೋಗಿಲ್ಲ. ಎಸ್‌ಜಿಐ (4ಜಿ) ಅಥವಾ ಎನ್6 (5ಜಿ), ಅಂದರೆ ಇಂಟರ್ನೆಟ್ ಕಡೆಯ ಫೈರ್‌ವಾಲ್‌ನಲ್ಲಿ ಟೈಪ್ 3 ಕೋಡ್ 4 ಮತ್ತು ವಿ6ನ ಟೈಪ್ 2 ಎರಡೂ ದಿಕ್ಕಿನಲ್ಲಿ ಬಿಡಿ. ಐಸಿಎಂಪಿ ಹೊರಡುವ ವಿಳಾಸವೂ ಮುಖ್ಯ. ಎನ್6 ಇಂಟರ್‌ಫೇಸ್‌ಗೆ ಖಾಸಗಿ ವಿಳಾಸ ಕೊಟ್ಟಿದ್ದು, ಮಧ್ಯೆ ಅದನ್ನು ಬದಲಿಸುವ ನ್ಯಾಟ್ ಇಲ್ಲದಿದ್ದರೆ, 10ರಿಂದ ಶುರುವಾಗುವ ವಿಳಾಸದ ಐಸಿಎಂಪಿಯನ್ನು ಹೊರಗಿನ ನೆಟ್‌ವರ್ಕ್ ಗೇಟಿನಲ್ಲೇ ತಡೆಯುತ್ತದೆ. ಕೆಲವು ಪೆಟ್ಟಿಗೆಗಳು ಸೆಕೆಂಡಿಗೆ ಇಷ್ಟೇ ಐಸಿಎಂಪಿ ಎಂದು ಮಿತಿ ಹಾಕುತ್ತವೆ, ಲಕ್ಷ ಚಂದಾದಾರರಿರುವ ಕಡೆ ಅದು ಸಾಲುವುದಿಲ್ಲ. ಲಿನಕ್ಸ್ ಈ ಒಂದು ಸಂದೇಶಕ್ಕೆ ಮಿತಿ ಹಾಕುವುದಿಲ್ಲ, ಪುಣ್ಯ.

ಹಂತ 7: ಮೇಲ್ಮುಖ ದಾರಿಯಲ್ಲಿ ಜೋಡಿಸುವುದು

ಫೋನಿನಿಂದ ದೊಡ್ಡ ಪ್ಯಾಕೆಟ್ ಬಂದರೆ ಬೇಸ್ ಸ್ಟೇಷನ್ ಹೊರಗಿನದನ್ನು ತುಂಡು ಮಾಡಿ ಕಳಿಸುತ್ತದೆ. ಗೇಟ್‌ವೇ ಅದನ್ನು ಕೂಡಿಸಿಯೇ ಜಿಟಿಪಿ ಬಿಚ್ಚಬೇಕು. ಲಿನಕ್ಸ್ ತಾನಾಗಿಯೇ ಮಾಡುತ್ತದೆ, ಕೆಲವು ಪೆಟ್ಟಿಗೆಗಳಲ್ಲಿ ಆನ್ ಮಾಡಬೇಕು. ಇಲ್ಲೊಂದು ಹಳೇ ಹೊಂಡ ಇದೆ. 2018ರಲ್ಲಿ ಫ್ರ್ಯಾಗ್ಮೆಂಟ್‌ಸ್ಮ್ಯಾಕ್ ಎಂಬ ಲೋಪ ಹೊರಬಂದಾಗ, ತುಂಡುಗಳಿಗೆ ಮೀಸಲಾದ ಮೆಮೊರಿಯನ್ನು 4 ಎಂಬಿಯಿಂದ 256 ಕೆಬಿಗೆ ಇಳಿಸಿ ಎಂಬ ಸಲಹೆ ಎಲ್ಲೆಡೆ ಹರಡಿತು. ಆಮೇಲೆ ಕರ್ನಲ್ ಸರಿಯಾಯಿತು, ಭದ್ರತೆ ಗಟ್ಟಿ ಮಾಡುವ ಸ್ಕ್ರಿಪ್ಟ್‌ಗಳಲ್ಲಿ ಆ ಸಾಲು ಉಳಿದುಬಿಟ್ಟಿತು. ಸಿಸ್‌ಸಿಟಿಎಲ್‌ನಲ್ಲಿ ಐಪಿಫ್ರ್ಯಾಗ್ ಹೈ ಥ್ರೆಶ್ ಎಷ್ಟಿದೆ ನೋಡಿ. 262144 ಕಂಡರೆ, ಕರ್ನಲ್ ಹೊಸದೇ ಎಂದು ಖಚಿತಪಡಿಸಿಕೊಂಡು ಏರಿಸಿ.

ಹಂತ 8: ಪರೀಕ್ಷೆ

ಮೊದಲು ಗೇಟ್‌ವೇನಲ್ಲಿ ಜಿಆರ್‌ಒ ಮತ್ತು ಟಿಎಸ್‌ಒ ಆಫ್‌ಲೋಡ್‌ಗಳನ್ನು ಈಥ್‌ಟೂಲ್‌ನಿಂದ ನಿಲ್ಲಿಸಿ. ಇಲ್ಲದಿದ್ದರೆ ಟಿಸಿಪಿಡಂಪ್‌ನಲ್ಲಿ 4000 ಬೈಟ್‌ನ ಪ್ಯಾಕೆಟ್ ಕಂಡು ಗಾಬರಿಯಾಗುತ್ತೀರಿ. ಅದು ಕಾರ್ಡ್ ಅಥವಾ ಕರ್ನಲ್ ಒಟ್ಟುಗೂಡಿಸಿದ್ದು, ತಂತಿಯಲ್ಲಿ ಹಾಗೆ ಹೋಗಿಲ್ಲ.

ಎಂಟಿಯು 1400 ಎಂದಾದರೆ, ಫೋನ್ ಕಡೆಯಿಂದ ಡಿಎಫ್ ಹಾಕಿ 1372 ಬೈಟ್‌ನ ಪಿಂಗ್ ಕೊಡಿ. 28 ಬೈಟ್ ಹೆಡರ್ ಸೇರಿ 1400 ಆಗುತ್ತದೆ, ಉತ್ತರ ಬರಬೇಕು. 1373 ಕೊಟ್ಟರೆ ಫೋನೇ ಆಗಲ್ಲ ಎನ್ನಬೇಕು. ಲ್ಯಾಬ್‌ನಲ್ಲಿ ನ್ಯಾಟ್ ತೆಗೆದು, ಎನ್6 ಕಡೆಯ ಒಂದು ಕಂಪ್ಯೂಟರ್‌ಗೆ 10.45.0.0/16ರ ದಾರಿ ಕೊಟ್ಟು, ಅಲ್ಲಿಂದ ಫೋನಿಗೆ 1472ರ ಪಿಂಗ್ ಕೊಡಿ. ಡಿಎಫ್ ಇದ್ದಾಗ ಗೇಟ್‌ವೇಯಿಂದ ಎಂಟಿಯು 1400 ಎಂಬ ಐಸಿಎಂಪಿ ವಾಪಸ್ ಬರಬೇಕು. ಡಿಎಫ್ ಇಲ್ಲದಾಗ ಮಾಮೂಲಿ ಉತ್ತರ ಬರಬೇಕು. ಎರಡೂ ಸಲ ಮೌನವಿದ್ದರೆ ಹಂತ 6ಕ್ಕೆ ಹಿಂತಿರುಗಿ.

ಎನ್3 (ಬೇಸ್ ಸ್ಟೇಷನ್ ಕಡೆಯ) ಇಂಟರ್‌ಫೇಸ್‌ನಲ್ಲಿ ತುಂಡು ಹೋಗುತ್ತಿದೆಯೇ ಎಂದು ಹಿಡಿಯುವಾಗ ಜಿಟಿಪಿ-ಯುನ ಪೋರ್ಟ್ 2152 ಎಂಬ ಫಿಲ್ಟರ್ ಹಾಕಬೇಡಿ. ಎರಡನೇ ತುಂಡಿನಲ್ಲಿ ಪೋರ್ಟೇ ಇಲ್ಲವಲ್ಲ, ಫಿಲ್ಟರ್ ಅದನ್ನು ಬಿಟ್ಟುಬಿಡುತ್ತದೆ. ಬೇಸ್ ಸ್ಟೇಷನ್ ವಿಳಾಸದ ಮೇಲೆ ಹಿಡಿದು, ವೈರ್‌ಶಾರ್ಕ್‌ನಲ್ಲಿ ಎಂಎಫ್ ಫ್ಲಾಗ್ (ಇನ್ನೂ ತುಂಡು ಬರಲಿದೆ ಎಂಬ ಗುರುತು) ಅಥವಾ ಸೊನ್ನೆಗಿಂತ ದೊಡ್ಡ ಆಫ್‌ಸೆಟ್ ಇರುವುದನ್ನು ಹುಡುಕಿ. 64 ಬೈಟ್‌ನ (4ಜಿ ಆದರೆ 56) ಮರಿಗಳು ಸಾಲಾಗಿ ಕಂಡರೆ ಹಂತ 1ರ ಲೆಕ್ಕ ಎಲ್ಲೋ ತಪ್ಪಿದೆ.

ಕೊನೆಗೆ ಎನ್‌ಸ್ಟ್ಯಾಟ್ ಕಮಾಂಡ್‌ನ ಎರಡು ಕೌಂಟರ್‌ಗಳನ್ನು ಮಾನಿಟರಿಂಗ್‌ಗೆ ಸೇರಿಸಿ: ಐಪಿ ಫ್ರ್ಯಾಗ್ ಕ್ರಿಯೇಟ್ಸ್, ಐಪಿ ರೀಅಸೆಂಬ್ಲಿ ಫೇಲ್ಸ್. ಮೊದಲನೆಯದು ನಿಧಾನವಾಗಿ ಏರುವುದು ಮಾಮೂಲು. ಟ್ರಾಫಿಕ್ ಜೊತೆಗೇ ಓಡುತ್ತಿದ್ದರೆ ಎಂಎಸ್‌ಎಸ್ ರೂಲ್ ಬಿದ್ದುಹೋಗಿರಬಹುದು ಅಥವಾ ದಾರಿಯಲ್ಲಿ ಯಾರೋ ಎಂಟಿಯು ಬದಲಿಸಿರಬಹುದು. ಎರಡನೆಯದು ಏರಿದರೆ ತುಂಡುಗಳು ಮಧ್ಯೆ ಕಳೆಯುತ್ತಿವೆ ಎಂದರ್ಥ. ಆಗ ಮೊದಲು ನೋಡಬೇಕಾದ್ದು ಬ್ಯಾಕ್‌ಹಾಲ್ ಫೈರ್‌ವಾಲ್‌ನ ಫ್ರ್ಯಾಗ್ಮೆಂಟ್ ರೂಲ್, ಆಮೇಲೆ ಮೇಲಿನ ಮೆಮೊರಿ ಮಿತಿ.